ಮೇಪಲ್ ಗಿಡಕ್ಕೊಂದು ಕಟ್ಟೆ

ಅಡವಯ್ಯ ಗುರುಗಳು ಯಾತ್ರೆಗೆ ಹೊರಟು ನಿಂತಾಗ ಶಿಷ್ಯ ಚನ್ನವೀರನಿಗೆ ಒಂದೇ ಒಂದು ಕೆಲಸ ಒಪ್ಪಿಸಿದರು.

"ಕಾಶವ್ವನ ಗಿಡ ನೋಡ್ಕೊಂಡಿರು."

"ಏನೇನು ಮಾಡ್ಬೇಕ್ರಿ ಅಜ್ಜಾರ?"

"ಮಳಿ ಬರದಿದ್ರ ವಾರಕ್ಕ ಎರಡು ಕೊಡ ನೀರು. ಅದೂ ಬುಡಕ್ಕಲ್ಲ, ಒಂದು ಮಾರು ದೂರ, ಸುತ್ತಲೂ."

"ಮತ್ತ?"

"ಮತ್ತೇನಿಲ್ಲ. ನೋಡ್ಕೊಂಡಿರು ಅಂದ್ನೆಲ್ಲ, ನೋಡು."

ಕೋಲು ಹಿಡಿದು ನಡೆದೇಬಿಟ್ಟರು. ಚನ್ನವೀರನ ಮುಖ ಸಪ್ಪಗಾಯಿತು. ಆಶ್ರಮಕ್ಕೆ ಬಂದು ಎರಡು ವರ್ಷವಾಗಿತ್ತು, ಗುರು ಏನಾದರೂ ದೊಡ್ಡದನ್ನು ಹೇಳಿಕೊಟ್ಟಾರು ಅಂತ ಕಾದಿದ್ದ. ಸಿಕ್ಕಿದ್ದು ಗಿಡ ಕಾಯುವ ಕೆಲಸ.

ನಮ್ಮ ಆಶ್ರಮ ಇದ್ದದ್ದು ದೂರದ ಉತ್ತರದಲ್ಲಿ, ಹಿಮ ಬೀಳುವ ಬೆಟ್ಟದ ನಡುವೆ, ಒಂದು ನದಿಯ ದಂಡೆ ಮೇಲೆ. ಅಲ್ಲಿದ್ದ ಏಳೆಂಟು ಜನ ನಾವೆಲ್ಲ ಬಿಜಾಪುರ, ಬಾಗಲಕೋಟೆ ಕಡೆಯಿಂದ ಹೋದವರು. ನಮಗೆಲ್ಲ ರೊಟ್ಟಿ ಬಡಿದು ಹಾಕುತ್ತಿದ್ದವಳು ಕಾಶವ್ವ. ಆಶ್ರಮದ ಕೆಳಗೆ ಹತ್ತು ಹೆಜ್ಜೆಯಲ್ಲಿ ಅವಳ ಪುಟ್ಟ ಮನೆ, ಮನೆಯ ಮುಂದೆ ಆ ಗಿಡ.

ಗಿಡದ ಕಥೆ ಇಷ್ಟು. ಗಂಡ ತೀರಿಕೊಂಡ ವರ್ಷ ಕಾಶವ್ವ ಯಾತ್ರೆಯವರ ಜೊತೆ ಇಲ್ಲಿಗೆ ಬಂದಿದ್ದಳು. ಮಾರನೇ ದಿನ ಹಿಂದಿರುಗಿ ಅಣ್ಣನ ಮನೆಗೆ ಹೋಗಬೇಕು. ಅಲ್ಲಿ ಅತ್ತಿಗೆಯ ಕಣ್ಣಿಗೆ ಇವಳು ಒಂದು ಹೊಟ್ಟೆ ಹೆಚ್ಚಿಗೆ, ಅಷ್ಟೇ. ಯಾರೋ ಪರದೇಶದ ಭಕ್ತರು ಕೊಟ್ಟುಹೋಗಿದ್ದ ಒಂದು ಸಸಿಯನ್ನು ಗುರುಗಳು ಅವಳ ಕೈಗೆ ಕೊಟ್ಟರು. ಕೆಂಪು ಮೇಪಲ್ ಅಂತ ಅದರ ಹೆಸರು. ಗೇಣುದ್ದ ಕಡ್ಡಿ, ಎರಡು ಎಲೆ.

"ಇದನ್ನ ಕೆಳಗಿನ ಮನೀ ಮುಂದ ಹಚ್ಚವ್ವ."

"ನಾಳೆ ಹೋಗಾಕಿ ನಾನು, ಅಜ್ಜಾರ."

"ಹಚ್ಚಿ ಹೋಗು."

ಹಚ್ಚಿದಳು. ಹಿಡೀತೋ ಇಲ್ಲವೋ ನೋಡಿ ಹೋಗೋಣ ಅಂತ ಒಂದು ವಾರ ನಿಂತಳು. ಚಿಗುರು ಬಂತು, ಅದು ಎಲೆಯಾಗಲಿ ಅಂತ ಇನ್ನೊಂದು ತಿಂಗಳು. ಹಾಗೆ ನಿಂತವಳು ಏಳು ವರ್ಷ ನಿಂತಳು. ಯಾರೂ ಕೇಳದಿದ್ದರೂ ತಾನಾಗಿಯೇ ಹೇಳುತ್ತಿದ್ದಳು: "ಈ ಗಿಡ ಇರೂತನ ನಾನೂ ಇಲ್ಲೇ. ಇದು ಹೋತು ಅಂದ್ರ ನನ್ನ ಋಣಾನೂ ತೀರ್ತು."

ಗಿಡ ಈಗ ಎರಡಾಳೆತ್ತರ. ಎಲೆಗಳು ಬೆರಳು ಅಗಲಿಸಿದ ಅಂಗೈ ಹಾಗೆ. ಪ್ರತಿ ವರ್ಷ ದಸರಾ ಕಳೆದ ಮೇಲೆ ಮರವಿಡೀ ಕೆಂಪಾಗುತ್ತಿತ್ತು, ದೀಪಾವಳಿ ಹೊತ್ತಿಗೆ ಎಲೆ ಉದುರಿ ಅಂಗಳ ತುಂಬುತ್ತಿತ್ತು. ಕಾಶವ್ವ ಅದನ್ನು ಗುಡಿಸುತ್ತಲೇ ಇರಲಿಲ್ಲ.

ಇಂಥ ಗಿಡವನ್ನು ಸುಮ್ಮನೆ ನೋಡಿಕೊಂಡಿರು ಅಂದರೆ ಚನ್ನವೀರ ಇರುತ್ತಾನೆಯೇ? ಅವನ ಅಪ್ಪ ಗೌಂಡಿ, ಅಜ್ಜ ಗೌಂಡಿ. ಇವನೂ ಆಶ್ರಮಕ್ಕೆ ಬರುವ ತನಕ ಕರಣಿ ಹಿಡಿದು ಗೋಡೆ ಕಟ್ಟಿದವನೇ. ಕೈ ಕಟ್ಟಿ ಕೂತರೆ ಅವನಿಗೆ ಜ್ವರ ಬಂದ ಹಾಗಾಗುತ್ತಿತ್ತು.

ಎಂಟು ದಿನ ನೋಡಿದ. ಒಂಬತ್ತನೇ ದಿನ ಕಾಶವ್ವನ ಹತ್ತಿರ ಬಂದ.

"ಅವ್ವಾ, ಬುಡ ನೋಡೀಯೇನು? ಬೇರು ಮ್ಯಾಲೆ ಕಾಣಾಕತ್ತಾವ."

"ಅದು ಮೊದಲಿಂದಾನೂ ಹಂಗ ಐತಪಾ."

"ದೇವ್ರಂಥಾ ಗಿಡಾನ ಹಿಂಗ ಬರೇ ನೆಲದಾಗ ನಿಲ್ಲಸ್ತಾರೇನು? ನಮ್ಮೂರಾಗ ಬೇವಿಗೆ ಕಟ್ಟಿ ಐತಿ, ಅರಳಿಗೆ ಕಟ್ಟಿ ಐತಿ. ನಿನ್ನ ಗಿಡಕ್ಕ ಯಾಕಿಲ್ಲ?"

ಕಾಶವ್ವನ ಕಣ್ಣು ಅರಳಿತು. ತನ್ನ ಗಿಡಕ್ಕೂ ಒಂದು ಕಟ್ಟೆ! ಯಾರಿಗೆ ಬೇಡ?

ಚನ್ನವೀರ ನದಿಯಿಂದ ಕಲ್ಲು ಹೊತ್ತ. ಒಂದೊಂದನ್ನೂ ಚಾಣ ಇಟ್ಟು ಕೆತ್ತಿ ಹದ ಮಾಡಿದ. ಗಿಡದ ಸುತ್ತ ದುಂಡಗೆ, ಮೊಣಕಾಲೆತ್ತರ ಕಟ್ಟೆ ಎಬ್ಬಿಸಿದ. ಒಳಗೆ ಬುಡ ಮುಚ್ಚುವ ಹಾಗೆ ಮಣ್ಣು, ಸಗಣಿ ಗೊಬ್ಬರ ತುಂಬಿ, ತುಳಿದು, ತಟ್ಟಿ ಗಟ್ಟಿ ಮಾಡಿದ. ಮೇಲೆ ಸಿಮೆಂಟಿನ ಅಂಚು, ಸುಣ್ಣ, ಕೆಮ್ಮಣ್ಣಿನ ಪಟ್ಟೆ. ಕೆಲಸ ಅಂದರೆ ಕೆಲಸ, ಸುಳ್ಳು ಯಾಕೆ ಹೇಳಲಿ, ನೋಡಿದರೆ ಕಣ್ಣು ತಣ್ಣಗಾಗುತ್ತಿತ್ತು. ನಾನೂ ಆ ಕಟ್ಟೆ ಮೇಲೆ ಕೂತು ರೊಟ್ಟಿ ತಿಂದವನೇ.

ವಾರಕ್ಕೆರಡು ಕೊಡ ಅಂದದ್ದು ದಿನಕ್ಕೊಂದು ಕೊಡವಾಯಿತು. ಬೆಳಿಗ್ಗೆ ಸ್ನಾನ ಮುಗಿಸಿ, ನೇರ ಕಾಂಡದ ಮೇಲೆ, ಅಭಿಷೇಕದ ಹಾಗೆ ಸುರಿಯುತ್ತಿದ್ದ.

ಹೀಗೆ ಮೂರು ತಿಂಗಳು ಕಳೆದು, ಶ್ರಾವಣದಲ್ಲಿ ಒಂದು ದಿನ ಗಿಡದ ನೆತ್ತಿ ಕೆಂಪಾಯಿತು.

ಕಣಿವೆಯ ಮರಗಳೆಲ್ಲ ಇನ್ನೂ ಹಸಿರು, ಇದೊಂದು ಮಾತ್ರ ಕೆಂಪು. ಎಂಟು ದಿನದಲ್ಲಿ ಅರ್ಧ ಗಿಡ, ಹದಿನೈದು ದಿನದಲ್ಲಿ ಇಡೀ ಗಿಡ. ನೋಡಲು ಜನ ಬಂದರು, ಕುಂಕುಮ ಹಚ್ಚಿದರು, ಕೊಂಬೆಗೆ ಬಟ್ಟೆ ಕಟ್ಟಿದರು. ಪವಾಡ ಅಂತ ಒಬ್ಬ ಅಂದ, ಮತ್ತೊಬ್ಬ ಅದನ್ನೇ ನಾಲ್ಕು ಊರಿಗೆ ಹೇಳಿದ.

ಕಾಶವ್ವ ಮಾತ್ರ ಒಂದು ಸಂಜೆ ಕೇಳಿದಳು. "ಈ ಸಲ ಭಾಳ ಲಗೂನ ಆತಲ್ಲೋ ಚನ್ನವೀರ? ದಸರಾಕ್ಕ ಇನ್ನೂ ದಿನಾ ಅದಾವ."

"ಭಕ್ತಿಗೆ ಒಲಿದೈತಿ ಅವ್ವಾ," ಅಂದ ಚನ್ನವೀರ. ಎದೆ ಉಬ್ಬಿತ್ತು. ಗುರುಗಳು ಬಂದು ನೋಡಲಿ ಅಂತ ದಾರಿ ಕಾಯುತ್ತಿದ್ದ.

ಗುರುಗಳು ಬಂದರು. ಶ್ರಾವಣದ ಕೊನೆಯ ಸೋಮವಾರ, ಬಿಸಿಲು ಏರಿದ ಹೊತ್ತು, ಕಟ್ಟೆಯ ಸುತ್ತ ಮೂವತ್ತು ನಲವತ್ತು ಜನ. ಚನ್ನವೀರ ಓಡಿಹೋಗಿ ಕಾಲಿಗೆರಗಿದ.

ಗುರುಗಳು ಗಿಡದ ಹತ್ತಿರ ಹೋದರು. ಕಾಂಡದ ಪಕ್ಕದ ಮಣ್ಣಿಗೆ ಬೆರಳು ತೂರಿಸಿದರು, ಹೊರಗೆ ತೆಗೆದು ಮೂಸಿದರು. ಬೆರಳನ್ನು ಪಂಚೆಗೆ ಒರೆಸಿಕೊಂಡರು.

"ಯಾರು ಕಟ್ಟಿದ್ದು?"

"ನಾನರೀ ಅಜ್ಜಾರ."

"ಚೆಂದ ಕಟ್ಟೀಯಲ್ಲೋ! ನಿನಗೊಂದು ಸನ್ಮಾನ ಆಗ್ಬೇಕು. ಕುಂದ್ರು."

ಚನ್ನವೀರ ನಾಚಿಕೊಂಡು ಕಟ್ಟೆಯ ಮೇಲೆ ಕೂತ. ಗುರುಗಳು ತಮ್ಮ ಹೆಗಲ ಶಾಲು ತೆಗೆದು ಅವನಿಗೆ ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು.

ಗುರುಗಳು ಪಕ್ಕದವನ ಶಾಲು ಕೇಳಿ ಪಡೆದು ಅದನ್ನೂ ಹೊದಿಸಿದರು. ಮತ್ತೆ ಚಪ್ಪಾಳೆ. ಆಮೇಲೆ ಇನ್ನೊಬ್ಬನ ಕಂಬಳಿ, ಮೂರನೆಯವನದು, ನಾಲ್ಕನೆಯವನದು. ಒಂದರ ಮೇಲೊಂದು, ಕುತ್ತಿಗೆ ಸುತ್ತಿ, ಗದ್ದ ಮುಚ್ಚಿ, ಬಾಯಿ ಮುಚ್ಚಿ, ಮೂಗಿನ ತನಕ. ಚಪ್ಪಾಳೆ ನಿಂತುಹೋಯಿತು.

"ಅಜ್ಜಾರ, ಉಸಿರು…"

"ಸನ್ಮಾನ ನಡದೈತಿ, ಸುಮ್ಮನ ಕುಂದ್ರು."

"ಅಜ್ಜಾರ, ಸಾಯ್ತೀನ್ರಿ!"

ಗುರುಗಳು ಜನರ ಕಡೆ ತಿರುಗಿದರು. "ನೋಡ್ರಿ, ಇವನ ಮಾರಿ ಕೆಂಪಾತು. ಪವಾಡ! ಕೈ ಮುಗೀರಿ."

ಒಬ್ಬರೂ ಕೈ ಮುಗಿಯಲಿಲ್ಲ. ಕಂಬಳಿಯೊಳಗಿಂದ ಚನ್ನವೀರನ ಕಣ್ಣು ಗಿಡದ ಕಡೆ ಹೋಯಿತು. ನೆತ್ತಿಯ ಕೆಂಪು ನೋಡಿದ, ಹಾಗೇ ಕೆಳಗಿಳಿದು ಮಣ್ಣಲ್ಲಿ ಹೂತ ಬುಡ ನೋಡಿದ. ಕಂಬಳಿಗಳನ್ನೆಲ್ಲ ಕೊಡವಿ ಎದ್ದು ನಿಂತ.

"ಕಟ್ಟಿ ಕೀಳಾಕ ಹಾರಿ ತರ್ತೀನ್ರಿ," ಅಂದ.

ಕಟ್ಟುವುದಕ್ಕೆ ಹನ್ನೊಂದು ದಿನ ಹಿಡಿದಿತ್ತು, ಕೀಳುವುದಕ್ಕೆ ಅರ್ಧ ದಿನ. ಕಲ್ಲು ತೆಗೆಯಲು ಹಾರೆ ಸಾಕಾಯಿತು. ಮಣ್ಣಿಗೆ ಗುರುಗಳು ಸಲಿಕೆ ಮುಟ್ಟಲು ಬಿಡಲಿಲ್ಲ.

"ಕೈಲೇ ತಗಿ. ಮೆಲ್ಲಕ."

ಬುಡ ಕಂಡಿತು. ತೊಗಟೆ ಕಪ್ಪಾಗಿ, ನೆನೆದ ರೊಟ್ಟಿಯ ಹಾಗೆ ಮೆತ್ತಗಾಗಿತ್ತು. ಹೂತ ಕಾಂಡದಿಂದ ಬೆಳ್ಳಗೆ ದಾರದಂಥ ಬೇರುಗಳು ಹೊರಟು, ಹೊರಗೆ ಹೋಗಲು ದಾರಿ ಸಿಗದೆ, ಕಾಂಡವನ್ನೇ ಸುತ್ತಿಕೊಂಡಿದ್ದವು.

"ಇವು ಯಾಕ್ರಿ ಹಿಂಗ?"

"ಬೇರಿಗೆ ಮಣ್ಣು ಬೇಕು, ಕಾಂಡಕ್ಕ ಗಾಳಿ ಬೇಕು. ನೀ ಕಾಂಡಕ್ಕ ಮಣ್ಣು ಕೊಟ್ಟಿ. ಅದಕ್ಕ ದಿಕ್ಕು ತಪ್ಪೇತಿ."

ಗುರುಗಳು ಸಣ್ಣ ಚೂರಿಯಿಂದ ಸುತ್ತಿದ ಬೇರುಗಳನ್ನು ಒಂದೊಂದಾಗಿ ಕತ್ತರಿಸಿದರು. ಚನ್ನವೀರ ಮಣ್ಣಿನ ಕೈಯಲ್ಲೇ ಕಣ್ಣೊರೆಸಿಕೊಂಡ.

"ಬದುಕ್ತೈತೇನ್ರಿ ಅಜ್ಜಾರ?"

"ಗೊತ್ತಿಲ್ಲ."

"ನಿಮಗೂ ಗೊತ್ತಿಲ್ಲೇನ್ರಿ?"

"ನನಗೇನು ಅದು ಹೇಳಿ ಕೆಂಪಾತೇನು?"

ಕಾಶವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಒಳಗೆ ಹೋದಳು.

ಕಣಿವೆಯ ಬೇರೆ ಮರಗಳು ಕೆಂಪಾಗುವ ಹೊತ್ತಿಗೆ ನಮ್ಮ ಗಿಡ ಬೋಳಾಗಿ ನಿಂತಿತ್ತು. ಕಾಶವ್ವ ಮಂಚದ ಕೆಳಗಿನ ಟ್ರಂಕು ಎಳೆದು ಹೊರಗಿಟ್ಟಳು, ಸೀರೆಗಳನ್ನು ಮಡಚಿ ತುಂಬಿದಳು. ಹಿಮ ಬಿದ್ದರೆ ರಸ್ತೆ ಮುಚ್ಚುತ್ತದೆ, ಅದಕ್ಕೆ ಮುಂಚೆ ಕೊನೆಯ ಬಸ್ಸು ಹಿಡಿಯಬೇಕು.

ಚನ್ನವೀರ ಹೊಸ್ತಿಲ ಹೊರಗೆ ನಿಂತ. ಒಳಗೆ ಬರುವ ಧೈರ್ಯ ಇರಲಿಲ್ಲ.

"ಅವ್ವಾ, ತಪ್ಪು ನಂದು. ನನಗ ಬೈಯಿ, ಬೇಕಾದ್ರ ಹೊಡಿ. ಹೋಗಬ್ಯಾಡ."

"ನಿನ್ನ ಮ್ಯಾಲೆ ಸಿಟ್ಟು ಇಲ್ಲೋ ಯಪ್ಪಾ," ಅಂದಳು ಕಾಶವ್ವ. "ಕಟ್ಟಿ ಮ್ಯಾಲೆ ಕುಂತು ಮೆರದಾಕಿ ನಾನ ಅಲ್ಲೇನು? ಅತ್ತಿಗಿ ಮನ್ಯಾಗ ಒಂದು ಮೂಲಿ ಸಿಗ್ತೈತಿ ಬಿಡು. ಅಲ್ಲಿ ಕುಂತು ಇದನ್ನ ನೆನಸ್ಕೋತೀನಿ." ಹಾಗನ್ನುತ್ತ ಸೆರಗು ಬಾಯಿಗಿಟ್ಟು ಅತ್ತುಬಿಟ್ಟಳು.

ಚನ್ನವೀರ ಗುರುಗಳ ಹತ್ತಿರ ಓಡಿದ. "ಇರು ಅಂತ ನೀವರ ಹೇಳ್ರಿ ಅಜ್ಜಾರ. ನಿಮ್ಮ ಮಾತು ಮೀರೂದಿಲ್ಲ ಆಕಿ."

"ಹೋಗು ಅಂತ ನಾ ಹೇಳೀನೇನು? ಮತ್ತ ಇರು ಅಂತ ಯಾಕ ಹೇಳ್ಲಿ?"

ಆದರೂ ಗುರುಗಳು ಎದ್ದು ಬಂದರು. ಕಾಶವ್ವನನ್ನು ಅಂಗಳಕ್ಕೆ ಕರೆದರು.

"ಟ್ರಂಕು ಯಾಕವ್ವ ಹೊರಗ?"

"ಗಿಡ ಹೋತಲ್ರಿ, ಅಜ್ಜಾರ."

"ಹೋತು ಅಂತ ಯಾರು ಅಂದ್ರು?"

ಕೈಗೆಟುಕುವ ಒಂದು ಟೊಂಗೆಯನ್ನು ಬಗ್ಗಿಸಿ, ಉಗುರಿನಿಂದ ಸಾಸಿವೆಯಷ್ಟು ತೊಗಟೆ ಕೆರೆದು ತೋರಿಸಿದರು. ಒಳಗೆ ಹಸಿರಿತ್ತು. ತೀರಾ ಮಬ್ಬು, ಆದರೂ ಹಸಿರು.

"ಇವತ್ತಿಗೆ ಐತಿ."

"ನಾಳೆಗೆ ಹೋದ್ರ?"

"ನಾಳೆ ಅಳು. ಇವತ್ತಿನ ಬಸ್ಸಿಗೆ ಯಾಕ ಅವಸರ?"

ಕಾಶವ್ವ ಆ ಹಸಿರು ಚುಕ್ಕೆಯನ್ನೇ ನೋಡುತ್ತ ನಿಂತಳು. ಟ್ರಂಕನ್ನು ಮತ್ತೆ ಮಂಚದ ಕೆಳಗೆ ತಳ್ಳಲಿಲ್ಲ, ಬಸ್ಸಿಗೂ ಹೋಗಲಿಲ್ಲ. ನಾಳೆ ನಾಳೆ ಅನ್ನುತ್ತಿರುವಾಗಲೇ ಹಿಮ ಬಿದ್ದು ರಸ್ತೆ ಮುಚ್ಚಿತು.

ಮಾರನೇ ದಿನದಿಂದ ಚನ್ನವೀರನದು ಹೊಸ ಹಠ. ದಿನಾ ಒಂದು ಟೊಂಗೆ ಕೆರೆದು ನೋಡಬೇಕು ಅಂತ. ಎರಡನೇ ದಿನವೇ ಗುರುಗಳು ಕೈ ಹಿಡಿದರು.

"ಜೀವ ಐತೇನು ಅಂತ ನೋಡಾಕ ಹೋಗಿ ಚರ್ಮ ಸುಲೀತಿಯೇನೋ?"

"ಸುಮ್ಮನ ಕುಂದ್ರಾಕ ಆಗವಲ್ದ್ರಿ. ಕೈ ಕಡಿತಾವ."

"ಕಲ್ಲು ಬಿದ್ದಾವಲ್ಲ. ಕಾಶವ್ವನ ಮನಿಯಿಂದ ಮ್ಯಾಲೆ ಆಶ್ರಮದತನಕ ಪಾವಟಿಗಿ ಹಾಕು. ಹಿಮದಾಗ ಜಾರಿ ಬೀಳ್ತಾಳ ದಿನಾ."

ಕಟ್ಟೆಯ ಕಲ್ಲುಗಳೆಲ್ಲ ಮೆಟ್ಟಿಲಾದವು. ಹತ್ತು ಹೆಜ್ಜೆಯ ಇಳಿಜಾರಿಗೆ ಹನ್ನೆರಡು ಮೆಟ್ಟಿಲು. ಮೊದಲ ದಿನ ಕಾಶವ್ವ ಕೈಯಲ್ಲಿ ರೊಟ್ಟಿ ಬುಟ್ಟಿ ಹಿಡಿದು, ಯಾವ ಆಸರೆಯೂ ಇಲ್ಲದೆ ಹತ್ತಿ ಬಂದಳು. "ಅಬ್ಬಾ, ಸೊಂಟ ಉಳೀತಪಾ!" ಅಂದಳು. ಚನ್ನವೀರ ಎಷ್ಟೋ ತಿಂಗಳ ಮೇಲೆ ಒಂದು ಸಲ ನಕ್ಕ.

ಮೆಟ್ಟಿಲು ಮುಗಿದ ಮೇಲೆ ಮತ್ತೆ ಕೈ ಖಾಲಿ. ಹಿಮ ಜೋರಾದ ದಿನ ಗಿಡಕ್ಕೆ ಕಂಬಳಿ ಸುತ್ತೋಣ ಅನ್ನಿಸಿತು ಅವನಿಗೆ. ಕಂಬಳಿ ತಂದೂಬಿಟ್ಟ. ಗಿಡದ ಎದುರು ನಿಂತು ಏನು ನೆನಪಾಯಿತೋ, ಅದನ್ನು ತಾನೇ ಹೊದ್ದುಕೊಂಡು ಮೆಟ್ಟಿಲ ಮೇಲೆ ಕೂತ.

ಗುರುಗಳು ಆ ದಾರಿಯಲ್ಲಿ ಬಂದರು.

"ಏನು ಮಾಡಾಕತ್ತಿಯೋ?"

"ಏನೂ ಮಾಡಾಕತ್ತಿಲ್ರಿ ಅಜ್ಜಾರ."

"ಚಲೋ ಮಾಡಾಕತ್ತಿ. ಬಿಡಬ್ಯಾಡ."

ಹಿಮ ಕರಗಿತು. ನದಿಯ ನೀರು ಏರಿತು. ಕಣಿವೆಯ ಮರಗಳು ಒಂದೊಂದಾಗಿ ಚಿಗುರಿದವು. ಯುಗಾದಿ ಬಂತು, ಬೇವು ಬೆಲ್ಲ ಹಂಚಿದ್ದಾಯಿತು. ನಮ್ಮ ಗಿಡ ಮಾತ್ರ ಕಡ್ಡಿ ಚುಚ್ಚಿಟ್ಟ ಹಾಗೆ ನಿಂತಿತ್ತು. ನಾವ್ಯಾರೂ ಆ ಕಡೆ ನೋಡುತ್ತಿರಲಿಲ್ಲ, ನೋಡಿದರೂ ನೋಡದವರ ಹಾಗೆ ಹೋಗುತ್ತಿದ್ದೆವು. ಚನ್ನವೀರ ಆ ಹಬ್ಬದ ಹೋಳಿಗೆ ಮುಟ್ಟಲಿಲ್ಲ.

ರಸ್ತೆ ತೆರೆಯಿತು. ಮೊದಲ ಬಸ್ಸು ಸೋಮವಾರ ಅಂತ ಸುದ್ದಿ ಬಂತು. ಕಾಶವ್ವ ಟ್ರಂಕಿಗೆ ಹಗ್ಗ ಬಿಗಿದಳು.

ಭಾನುವಾರ ಬೆಳಿಗ್ಗೆ ನಾವು ಪೂಜೆಗೆ ಕೂತಿದ್ದೆವು. ಕೆಳಗಿನಿಂದ ಕಾಶವ್ವ ಕೂಗಿಕೊಂಡಳು. ಎಂಥ ಕೂಗು ಅಂತೀರಿ! ಹಾವು ಕಡಿಯಿತೋ ಏನೋ ಅಂತ ಎಲ್ಲರೂ ಬಿದ್ದೆದ್ದು ಓಡಿದೆವು.

ಅವಳು ಗಿಡದಿಂದ ಒಂದು ಮಾರು ದೂರ ನಿಂತು ಎರಡೂ ಕೈಯಲ್ಲಿ ತೋರಿಸುತ್ತಿದ್ದಳು.

ಎಲೆ ಬಂದಿರಲಿಲ್ಲ. ಆದರೆ ಬೋಳು ಟೊಂಗೆಗಳ ಗೆಣ್ಣುಗೆಣ್ಣಿನಲ್ಲೂ ಗುಂಡುಸೂಜಿ ತಲೆಯಷ್ಟು ಕೆಂಪು ಮೊಗ್ಗುಗಳಿದ್ದವು. ಕೆಲವು ಆಗಲೇ ಬಿರಿದು, ಎಳೆ ಎಳೆಯಾಗಿ ಪುಟ್ಟ ಕೆಂಪು ಹೂ ಹೊರಗೆ ಹಾಕಿದ್ದವು.

"ಮತ್ತ ಕೆಂಪರೀ ಅಜ್ಜಾರ!" ಚನ್ನವೀರನ ದನಿ ಸೀಳಿಹೋಯಿತು. ಹೆದರಿದ್ದ. "ಮತ್ತ ಉಸಿರು ಕಟ್ಟೈತೇನ್ರಿ?"

ಗುರುಗಳು ಕೊರಳೆತ್ತಿ ಬಹಳ ಹೊತ್ತು ನೋಡಿದರು. ಅವರ ಗಡ್ಡದೊಳಗೆ ನಗು ಹರಡಿದ್ದನ್ನು ನಾನು ಕಂಡೆ.

"ಇಲ್ಲೋ. ಇದು ಅದರ ಹೂವು, ಮೊದಲನೇ ಸಲ ಬಿಟ್ಟೈತಿ. ಇದರ ಕಾಲಕ್ಕ ಇದು ಬಂದೈತಿ."

ನೆತ್ತಿಯ ಒಂದು ಕೊಂಬೆ ಒಣಗಿತ್ತು. ಅದನ್ನು ಕತ್ತರಿಸಬೇಕು ಅಂದರು. ಉಳಿದದ್ದೆಲ್ಲ ಜೀವಂತ.

ನಮಗೆಲ್ಲ ಎದೆಯ ಮೇಲಿಂದ ಬಂಡೆ ಇಳಿಸಿದ ಹಾಗಾಯಿತು. ಒಬ್ಬ ಸುಮ್ಮನೆ ನಗತೊಡಗಿದ, ಉಳಿದವರಿಗೂ ಅದು ಅಂಟಿತು. ಕಾಶವ್ವ ಗಿಡಕ್ಕೆ ಬೈಯುತ್ತಿದ್ದಳು. "ಜೀವಾ ತಿಂದೆಲ್ಲೋ ಮೂಳಾ! ಒಂದಿನ ಮೊದಲ ಬರಾಕ ಏನಾಗಿತ್ತು ನಿನಗ ದಾಡಿ!" ಬೈಯುತ್ತ ಬೈಯುತ್ತ ಒಳಗೆ ಹೋಗಿ ಟ್ರಂಕಿನ ಹಗ್ಗ ಬಿಚ್ಚಿದಳು. ಅದೇ ಹಗ್ಗವನ್ನು ಅಂಗಳದಲ್ಲಿ ಎರಡು ಗೂಟಕ್ಕೆ ಕಟ್ಟಿ, ಚಳಿಗಾಲವಿಡೀ ಮಡಚಿಟ್ಟಿದ್ದ ಸೀರೆಗಳನ್ನು ಒಂದೊಂದಾಗಿ ಬಿಸಿಲಿಗೆ ಹರವಿದಳು.

ಚನ್ನವೀರ ಮೆಟ್ಟಿಲ ಮೇಲೆ ನಿಂತೇ ಇದ್ದ. ಕಣ್ಣೀರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಒಮ್ಮೆಲೇ ಏನಾಯಿತೋ, ಎರಡೂ ಕೈ ತಲೆ ಮೇಲೆತ್ತಿ, ಗಿಡದ ಬುಡಕ್ಕೆ ಬಿದ್ದು ದೀರ್ಘದಂಡ ನಮಸ್ಕಾರ ಹಾಕಲು ಓಡಿದ.

ಗುರುಗಳು ಕೋಲು ಅಡ್ಡ ಹಿಡಿದರು.

"ಅಲ್ಲಿಂದನ ಮಾಡೋ ತಮ್ಮಾ. ಬೇರು ತುಳೀಬ್ಯಾಡ."